ತಕ್ಕಡಿ ಹೇಳುವದೆಷ್ಟು, ಟೇಪು ಹೇಳುವದೆಷ್ಟು
(ಸಂಘದ ಸಭೆಯಲ್ಲಿ ಮಾಡಿದ ಭಾಷಣ)



ರಾಜ್ಯೋತ್ಸವದ ದಿನಗಳಲ್ಲಿ ನಾಡು-ನುಡಿಗಳ ಮಾತನ್ನಾಡುವದು ವಾಡಿಕೆ. ಅದನ್ನು ನನಗಿಂತ ಸೊಗಸಾಗಿ ಆಡುವವರು ಈ ಸಭೆಯಲ್ಲಿಯೇ ಹಲವರಿದ್ದಾರೆ. ನನ್ನ ಪಾಲಿಗೆ ಕಾರ್ಯದರ್ಶಿಗಳು ‘ಆರೋಗ್ಯಕರವಾದ ದೇಹತೂಕ’ ಎಂಬ ವಿಷಯವನ್ನು ಕೊಟ್ಟಿದ್ದಾರೆ. ನಾನು ವೈದ್ಯನಲ್ಲ, ಬಿ. ಕಾಂ. ಮುಗಿಸಿ ಬ್ಯಾಂಕಿನಲ್ಲಿ ಗುಮಾಸ್ತನಾದವನು. ಆದರೆ ಈ ವಿಷಯದ ಪೂರ್ವೇತಿಹಾಸವನ್ನು ತೆಗೆದು ನೋಡಿದರೆ ಒಂದು ಸೋಜಿಗವು ಕಣ್ಣಿಗೆ ಬೀಳುತ್ತದೆ. ಮನುಷ್ಯನ ತೂಕ ಎಷ್ಟಿರಬೇಕೆಂಬ ಲೆಕ್ಕವನ್ನು ಜಗತ್ತಿನಲ್ಲಿ ರೂಢಿಗೆ ತಂದವರಲ್ಲಿ ವೈದ್ಯರಿಗಿಂತ ಮುಂದಿದ್ದವರು ನನ್ನಂಥ ಅಂಕಿ-ಸಂಖ್ಯೆಗಳ ಜನರೇ. ಆ ಧೈರ್ಯದಿಂದ ತಮ್ಮೆದುರಿಗೆ ನಿಂತಿದ್ದೇನೆ.

ಕ್ವೆಟಲೆ ಎಂಬ ಬೆಲ್ಜಿಯಮ್ ದೇಶದ ಪಂಡಿತನೊಬ್ಬನಿದ್ದನು. ಅವನ ಮೂಲ ವಿದ್ಯೆ ಖಗೋಲಶಾಸ್ತ್ರ ಮತ್ತು ಗಣಿತ. 1830ರ ದಶಕದಲ್ಲಿ ಅವನು ನಕ್ಷತ್ರಗಳನ್ನು ಬಿಟ್ಟು ಮನುಷ್ಯರನ್ನು ಅಳೆಯತೊಡಗಿದನು. ಬೆಳೆದ ಮನುಷ್ಯರಲ್ಲಿ ತೂಕವು ಎತ್ತರದ ವರ್ಗಕ್ಕೆ ಅನುಗುಣವಾಗಿ ಏರುತ್ತದೆಂಬದನ್ನು ಅವನು ಕಂಡನು. ಅವನಿಗೆ ಬೇಕಾಗಿದ್ದುದು ‘ಸರಾಸರಿ ಮನುಷ್ಯ’ನೇ ಹೊರತು ದಪ್ಪ-ತೆಳುವುಗಳ ರೋಗಲಕ್ಷಣವಲ್ಲ. ಮುಂದೆ ನೂರು ವರುಷಗಳ ತರುವಾಯ ಅಮೇರಿಕೆಯ ಮೆಟ್ರೊಪಾಲಿಟನ್ ಲೈಫ್ ಎಂಬ ವಿಮಾ ಕಂಪನಿಯು ತನ್ನ ಪಾಲಿಸಿದಾರರಲ್ಲಿ ಯಾವ ತೂಕದವರು ಬೇಗ ತೀರಿಕೊಳ್ಳುತ್ತಾರೆ, ಯಾವ ತೂಕದವರು ಹೆಚ್ಚು ವರುಷ ಹಪ್ತೆ ಕಟ್ಟುತ್ತಾರೆ ಎಂದು ದಫ್ತರು ತೆಗೆದು ನೋಡಿ, 1940ರ ದಶಕದ ಆರಂಭದಲ್ಲಿ ಎತ್ತರ-ತೂಕಗಳ ಕೋಷ್ಟಕವನ್ನು ಪ್ರಕಟಿಸಿತು. 1959ರಲ್ಲಿಯೂ 1983ರಲ್ಲಿಯೂ ಅದನ್ನು ತಿದ್ದಿತು. ಆ ಕೋಷ್ಟಕದಲ್ಲಿ ಸಣ್ಣ ಮೈಕಟ್ಟು, ನಡುವಣ ಮೈಕಟ್ಟು, ದೊಡ್ಡ ಮೈಕಟ್ಟು ಎಂದು ಮೂರು ಕಾಲಮ್ಮುಗಳಿದ್ದವು. ಯಾರದು ಸಣ್ಣದು, ಯಾರದು ದೊಡ್ಡದು ಎಂಬದನ್ನು ನಿರ್ಣಯಿಸುವ ರೀತಿಯನ್ನು ಮಾತ್ರ ಮೊದಲ ಕೋಷ್ಟಕದವರು ಹೇಳಿರಲಿಲ್ಲ! ತನಗೆ ಅನುಕೂಲವಾದ ಕಾಲಮ್ಮನ್ನು ಆರಿಸಿಕೊಂಡು ಸಮಾಧಾನಪಡುವ ಗಿರಾಕಿ ಎಲ್ಲ ದೇಶಗಳಲ್ಲಿಯೂ ಇರುತ್ತಾನೆ.

1972ರಲ್ಲಿ ಆನ್ಸೆಲ್ ಕೀಸ್ ಎಂಬ ಅಮೇರಿಕೆಯ ವಿಜ್ಞಾನಿಯೂ ಅವನ ಸಂಗಡಿಗರೂ ಕ್ವೆಟಲೆಯ ಹಳೆಯ ಸೂತ್ರವನ್ನೇ ಎತ್ತಿಕೊಂಡು ಅದಕ್ಕೆ ಹೊಸ ಹೆಸರಿಟ್ಟರು. ಅದೇ ಇಂದು ಎಲ್ಲರ ಬಾಯಲ್ಲಿರುವ ಬಿ. ಎಂ. ಐ. ಲೆಕ್ಕವು ಸುಲಭ. ಕಿಲೋಗ್ರಾಮಿನಲ್ಲಿರುವ ತೂಕವನ್ನು ಮೀಟರಿನಲ್ಲಿರುವ ಎತ್ತರದಿಂದ ಒಮ್ಮೆ ಭಾಗಿಸಿರಿ. ಬಂದುದನ್ನು ಅದೇ ಎತ್ತರದಿಂದ ಇನ್ನೊಮ್ಮೆ ಭಾಗಿಸಿರಿ. ಐದು ಅಡಿ ಐದು ಅಂಗುಲವೆಂದರೆ 1.65 ಮೀಟರು. ಅಷ್ಟು ಎತ್ತರದವನ ತೂಕ 61 ಕಿಲೋ ಇದ್ದರೆ ಅವನ ಅಂಕ 22.4. ಈ 61 ಕಿಲೋದ ಲೆಕ್ಕವನ್ನು ತಾವು ನೆನಪಿನಲ್ಲಿಡಬೇಕು. ಮುಂದೆ ಅದು ಬೇಕಾಗುವದು.

ಇನ್ನು ಎಷ್ಟು ಅಂಕ ಸರಿ? ಇಲ್ಲಿ ಎರಡು ಅಳತೆಗೋಲುಗಳುಂಟು. ಜಗತ್ತಿಗೆಲ್ಲ ಅನ್ವಯಿಸುವ ಅಳತೆಯಲ್ಲಿ 18.5ರ ಕೆಳಗೆ ಕಡಿಮೆ, 25ರಿಂದ ಮೇಲೆ ಹೆಚ್ಚು, 30ರಿಂದ ಮೇಲೆ ಬೊಜ್ಜು. ಆದರೆ ನಮ್ಮ ದೇಶದ ವೈದ್ಯರು ಒಟ್ಟುಗೂಡಿ 2009ರಲ್ಲಿ ಪ್ರಕಟಿಸಿದ ಒಮ್ಮತದ ಸೂಚನೆಯಂತೆ ಭಾರತೀಯರಿಗೆ 18ರಿಂದ 22.9ರ ವರೆಗೆ ಸರಿ, 23ರಿಂದ 24.9 ಹೆಚ್ಚು; 25 ಮುಟ್ಟಿದರೆ ಅದು ಬೊಜ್ಜೇ ಸರಿ. ಅಂದರೆ ಐದು ಅಡಿ ಎತ್ತರದವರು 53 ಕಿಲೋದ ಒಳಗೆ, ಐದು ಅಡಿ ಐದು ಅಂಗುಲದವರು ಸುಮಾರು 62 ಕಿಲೋದ ಒಳಗೆ, ಐದು ಅಡಿ ಎಂಟು ಅಂಗುಲದವರು 68 ಕಿಲೋದ ಒಳಗೆ ಇರಬೇಕು. ಈಗಲೇ ಸಭೆಯಲ್ಲಿ ಕೆಲವರು ಕೂತ ಭಂಗಿಯನ್ನು ಸರಿಪಡಿಸಿಕೊಂಡದ್ದು ನನಗೆ ಕಾಣುತ್ತಿದೆ.

ನಮಗೇಕೆ ಬೇರೆ ಅಳತೆ, ಇದೇನು ಕಟ್ಟುನಿಟ್ಟು ಎಂದು ತಾವು ಕೇಳಬಹುದು. ಇದಕ್ಕೆ ಉತ್ತರವನ್ನು ಕಂಡುಕೊಂಡವರಲ್ಲಿ ಮುಖ್ಯರಾದವರೊಬ್ಬರು ನಾವಿರುವ ಈ ಪುಣೆಯಲ್ಲಿಯೇ, ರಾಸ್ತಾ ಪೇಠೆಯ ಕೆ. ಇ. ಎಮ್. ಆಸ್ಪತ್ರೆಯಲ್ಲಿ ಕೆಲಸ ಮಾಡಿದವರು. ಅವರು ಮಧುಮೇಹದ ತಜ್ಞರಾದ ಡಾ. ಚಿತ್ತರಂಜನ ಯಾಜ್ಞಿಕರು. ಇವರೂ ಲಂಡನ್ನಿನ ಡಾ. ಜಾನ್ ಯಡ್ಕಿನ್ ಎಂಬವರೂ ಸೇರಿ 2004ರಲ್ಲಿ ‘ಲ್ಯಾನ್ಸೆಟ್’ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ತಮ್ಮಿಬ್ಬರ ಭಾವಚಿತ್ರವನ್ನೇ ಅಚ್ಚು ಹಾಕಿಸಿದರು. ಇಬ್ಬರ ಬಿ. ಎಂ. ಐ. ಒಂದೇ: 22.3. ಮೈಯೊಳಗಿನ ಕೊಬ್ಬನ್ನು ಯಂತ್ರದಿಂದ ಅಳೆದರೆ ಲಂಡನ್ನಿನವರಲ್ಲಿ ನೂರಕ್ಕೆ 9.1, ಪುಣೆಯವರಲ್ಲಿ ನೂರಕ್ಕೆ 21.2! ತೂಕ ತಾಳೆಯಾಯಿತು, ಒಳಗಿನ ಖಾತೆ ತಾಳೆಯಾಗಲಿಲ್ಲ. ಬ್ಯಾಂಕಿನವರಿಗೆ ಇದು ಹೊಸದಲ್ಲ. ವರ್ಷದ ಕೊನೆಗೆ ತಾಳೆಪಟ್ಟಿಯ ಎರಡೂ ಬದಿಗಳು ಪೈಸೆಗೆ ಪೈಸೆ ಕೂಡಿಬರಬಹುದು. ಅಷ್ಟರಿಂದಲೇ ಪ್ರತಿಯೊಂದು ರಕಮು ತನ್ನ ತನ್ನ ಖಾತೆಯಲ್ಲಿ ಬಿದ್ದಿದೆಯೆಂದು ಯಾವ ಗುಮಾಸ್ತನೂ ಪ್ರಮಾಣ ಮಾಡಲಾರನು. ತಕ್ಕಡಿಯು ಹೇಳುವದು ಒಟ್ಟು ಮೊತ್ತವನ್ನು ಮಾತ್ರ. ಅದರಲ್ಲಿ ಮಾಂಸವೆಷ್ಟು, ಎಲುಬೆಷ್ಟು, ಕೊಬ್ಬೆಷ್ಟು, ಆ ಕೊಬ್ಬು ಎಲ್ಲಿ ಜಮೆಯಾಗಿದೆ ಎಂಬದು ಅದಕ್ಕೆ ತಿಳಿಯದು.

ಕೊಲ್ಹಾಪುರದ ತಾಲೀಮಿನಲ್ಲಿಯೋ ನಮ್ಮ ಕಡೆಯ ಗರಡಿಯಲ್ಲಿಯೋ ಪಳಗಿದ ಪೈಲವಾನನನ್ನು ತೆಗೆದುಕೊಳ್ಳಿರಿ. ಐದು ಅಡಿ ಏಳು ಅಂಗುಲ ಎತ್ತರ, 85 ಕಿಲೋ ತೂಕವೆಂದು ಹಿಡಿದರೆ ಅವನ ಅಂಕ 29ರ ಮೇಲೆ ಹೋಗುತ್ತದೆ. ಪುಸ್ತಕದ ಪ್ರಕಾರ ಅವನು ಬೊಜ್ಜಿನವನು. ಹಾಗೆಂದು ಅವನೆದುರು ನಿಂತು ಹೇಳುವವರಾರು? ಅವನಷ್ಟೇ ಎತ್ತರದ, 65 ಕಿಲೋ ತೂಕದ, ಕಡ್ಡಿಯಂಥ ಕೈಕಾಲುಗಳ ನಡುವೆ ಗಡಿಗೆಯಂಥ ಹೊಟ್ಟೆಯುಳ್ಳ ಗುಮಾಸ್ತನು ಅದೇ ಪುಸ್ತಕದ ಪ್ರಕಾರ ನಿರೋಗಿ.

ಡಾ. ಯಾಜ್ಞಿಕರ ಇನ್ನೊಂದು ಕೆಲಸವು ನನ್ನ ಮನಸ್ಸನ್ನು ಬಹಳ ಹಿಡಿದದ್ದು. ಪುಣೆಯ ಹತ್ತಿರದ ಆರು ಹಳ್ಳಿಗಳಲ್ಲಿ 1993ರಿಂದ ಅವರೂ ಅವರ ಸಂಗಡಿಗರೂ ಬಸುರಿಯರನ್ನು, ತರುವಾಯ ಅವರ ಮಕ್ಕಳನ್ನು ಅಳೆಯುತ್ತ ಬಂದರು. ಆ ತಾಯಂದಿರ ಸರಾಸರಿ ಎತ್ತರ ಐದು ಅಡಿ, ಬಸುರಿಗೆ ಮುಂಚಿನ ತೂಕ ಸುಮಾರು 42 ಕಿಲೋ. ಹೊಲಮನೆಗಳ ಎರಡೂ ದುಡಿಮೆ. ಅವರ ಕೂಸುಗಳು ಹುಟ್ಟುವಾಗ ಸರಾಸರಿ 2.7 ಕಿಲೋ, ಇಂಗ್ಲಂಡಿನ ಸೌತ್‌ಹ್ಯಾಂಪ್ಟನ್ನಿನ ಕೂಸುಗಳು 3.5 ಕಿಲೋ. ನಮ್ಮ ಕೂಸಿನಲ್ಲಿ ಆ ಎಂಟುನೂರು ಗ್ರಾಮು ಕೊರತೆಯು ಎಲ್ಲಿ ಬಿತ್ತು? ತೋಳು-ತೊಡೆಗಳ ಮಾಂಸದಲ್ಲಿ ಬಿತ್ತು, ಹೊಟ್ಟೆಯೊಳಗಿನ ಅವಯವಗಳಲ್ಲಿ ಬಿತ್ತು. ಬೆನ್ನಿನ ಚರ್ಮದ ಕೆಳಗಿನ ಕೊಬ್ಬು ಮಾತ್ರ ಬಹುಮಟ್ಟಿಗೆ ಹಾಗೆಯೇ ಉಳಿದಿತ್ತು. ಬಡವನಾದರೂ ಕೊಬ್ಬಿನ ಗಂಟನ್ನು ಬಿಡದೆ ಕಟ್ಟಿಕೊಂಡು ಹುಟ್ಟಿದ ಕೂಸು! ಹಸಿರು ತಪ್ಪಲು ಪಲ್ಲೆ, ಹಣ್ಣು, ಹಾಲು ಇವನ್ನು ಹೆಚ್ಚು ಸಲ ಉಂಡ ತಾಯಂದಿರ ಕೂಸುಗಳು ಹೆಚ್ಚು ಪುಷ್ಟವಾಗಿದ್ದವೆಂಬದೂ ಅಲ್ಲಿ ಕಂಡುಬಂದಿತು.

ನಮ್ಮ ಮೈಸೂರಿನದೂ ಒಂದು ಸಂಗತಿಯುಂಟು. ಅಲ್ಲಿಯ ಹೋಲ್ಡ್ಸ್‌ವರ್ತ್ ಮಿಷನ್ ಆಸ್ಪತ್ರೆಯವರು 1934ರಿಂದ ಹುಟ್ಟಿದ ಪ್ರತಿಯೊಂದು ಕೂಸಿನ ತೂಕವನ್ನು ಪುಸ್ತಕದಲ್ಲಿ ಬರೆದಿಟ್ಟಿದ್ದರು. ಎಷ್ಟೋ ವರುಷಗಳ ಮೇಲೆ ಸಂಶೋಧಕರು ಆ ಪುಸ್ತಕಗಳನ್ನು ಹಿಡಿದುಕೊಂಡು, ಆಗ ನಡುವಯಸ್ಸಿಗೆ ಬಂದಿದ್ದ ಅದೇ ಕೂಸುಗಳನ್ನು ಊರಲ್ಲಿ ಹುಡುಕಿ ಹೃದಯ ಪರೀಕ್ಷೆ ಮಾಡಿದರು, 1996ರಲ್ಲಿ ಪ್ರಕಟಿಸಿದರು. ಹುಟ್ಟುವಾಗ ಎರಡೂವರೆ ಕಿಲೋ ಅಥವಾ ಅದಕ್ಕೂ ಕಡಿಮೆ ತೂಗಿದವರಲ್ಲಿ ನೂರಕ್ಕೆ 11 ಜನರಿಗೆ ಹೃದ್ರೋಗವಿದ್ದರೆ, ಮೂರು ಕಿಲೋಕ್ಕೂ ಮೇಲೆ ತೂಗಿದವರಲ್ಲಿ ನೂರಕ್ಕೆ 3 ಜನರಿಗೆ ಮಾತ್ರ ಇತ್ತು. ಆ ಅಂಕಿಗಳನ್ನು ಬರೆದ ದಾದಿಯರಿಗೆ ಅವು ಇಷ್ಟು ದೂರ ನಡೆದುಹೋಗಬಹುದೆಂದು ಹೊಳೆದಿರಲಿಕ್ಕಿಲ್ಲ. ಲೆಕ್ಕದ ಪುಸ್ತಕ ಬರೆದು ಹೊಟ್ಟೆ ಹೊರೆಯುವ ನನಗಂತೂ ಇದನ್ನು ಓದಿದಾಗ ಎದೆ ತುಂಬಿಬಂತು.

ಈ ಎರಡೂ ಸಂಗತಿಗಳು ನಮ್ಮಂಥ ವಲಸೆಯ ಕುಟುಂಬಗಳಿಗೆ ಹತ್ತಿರದವು. ನಮ್ಮಲ್ಲಿ ಬಹುಮಂದಿಯ ಅಜ್ಜ-ಅಜ್ಜಿಯರು ವಿಜಾಪುರ, ಗದಗ, ರಾಯಚೂರು ಕಡೆಯ ಬರಗಾಲಗಳನ್ನು ಉಂಡವರು. ಆ ಮೈಗಳು ಅರೆಹೊಟ್ಟೆಗೆ ಒಗ್ಗಿದವು. ಹಿಟ್ಟು ಬೀಸಿ, ನೀರು ಹೊತ್ತು, ಹೊಲಕ್ಕೆ ನಡೆದು ಎರಡು ಜೋಳದ ರೊಟ್ಟಿ ಉಂಡ ಮೈಯ ಮೊಮ್ಮಗನು ಇಲ್ಲಿ ಕುರ್ಚಿಯ ಮೇಲೆ ಎಂಟು ತಾಸು ಕೂತು, ಮುಂಜಾನೆ ಸಾಬುದಾಣಿ ಖಿಚಡಿ, ಮಧ್ಯಾಹ್ನ ಡಬ್ಬಿ, ಸಂಜೆ ವಡಾಪಾವು, ರಾತ್ರಿ ಮನೆಯ ಊಟವೆಂದು ನಾಲ್ಕು ಹೊತ್ತು ಉಣ್ಣುತ್ತಾನೆ. ಜಮೆ ಹೆಚ್ಚಿತು, ಖರ್ಚು ನಿಂತಿತು. ಶಿಲ್ಕು ಎಲ್ಲಿಗೆ ಹೋಗಬೇಕು? ಹೊಟ್ಟೆಯ ತಿಜೋರಿಗೆ.

ಈಗ ಆ 61 ಕಿಲೋದ ಮಾತು. ಅದು ನನ್ನ ಕಾಕಾ ಅವರ ತೂಕ. ಎತ್ತರ ಐದು ಅಡಿ ಐದು ಅಂಗುಲ. ತೆಳ್ಳಗಿನ ಕೈಕಾಲು, ಮೋರೆಯೂ ಸಣ್ಣದು; ಅವರನ್ನು ದಪ್ಪಗಿನವರೆಂದು ಯಾರೂ ಎಂದೂ ಅಂದವರಲ್ಲ. ಐವತ್ತೆರಡರ ವಯಸ್ಸಿನಲ್ಲಿ ಅವರ ತೂಕ ತಾನಾಗಿ ಇಳಿಯತೊಡಗಿ, ಆರು ತಿಂಗಳಲ್ಲಿ 54ಕ್ಕೆ ಬಂದಿತು. ಮನೆಮಂದಿಯೆಲ್ಲ ಖುಷಿ ಪಟ್ಟರು. "ಪುಣ್ಯಾ ಮಾಡೀರಿ, ಡೊಳ್ಳು ಕರಗೇತಿ ನೋಡ್ರಿ" ಎಂದು ನೆರೆಯವರು ಕೊಂಡಾಡಿದರು. ಕಾಕಾ ಅವರೂ ತಾವು ಸಂಜೆ ಗುಡಿಯ ತನಕ ನಡೆಯುವದರ ಫಲವೆಂದು ನಂಬಿದ್ದರು. ರಾತ್ರಿ ನಾಲ್ಕು ಸಲ ಎದ್ದು ನೀರು ಕುಡಿಯುವದನ್ನು ಬೇಸಿಗೆಯ ಲೆಕ್ಕಕ್ಕೆ ಹಚ್ಚಿದ್ದಾಯಿತು. ಕಾಲ್ಬೆರಳಿಗೆ ಚಪ್ಪಲಿ ಕಚ್ಚಿದ ಗಾಯ ಒಂದೂವರೆ ತಿಂಗಳಾದರೂ ಮಾಯದಿದ್ದಾಗ ರಕ್ತ ಪರೀಕ್ಷೆಯಾಯಿತು. ಸಕ್ಕರೆ ರೋಗ ಎಷ್ಟೋ ದಿನದಿಂದ ಮನೆ ಮಾಡಿತ್ತು. ಆ ಬೆರಳು ಹೋಯಿತು. ಜೀವ ಉಳಿಯಿತು, ಇಂದಿಗೂ ಇದ್ದಾರೆ. ಆಮೇಲೊಂದು ದಿನ ಊರ ಸಿಂಪಿಗನ ಅಳತೆಯ ವಹಿಯಲ್ಲಿ ಅವರ ಹೆಸರು ಸಿಕ್ಕಿತು. ಮಗಳ ಮದುವೆಗೆಂದು ಹೊಲಿಸಿದ ಕೋಟಿನ ಅಳತೆ. ಹೊಟ್ಟೆಯ ಸುತ್ತಳತೆ 37 ಅಂಗುಲ ಎಂದು ಪೆನ್ಸಿಲಿನಲ್ಲಿ ಬರೆದಿತ್ತು. ಅಂದರೆ 94 ಸೆಂಟಿಮೀಟರು. ತಕ್ಕಡಿಯು ‘ಸರಿ’ ಎಂದ ಕಾಲದಲ್ಲಿಯೇ ಟೇಪು ‘ಸರಿಯಲ್ಲ’ ಎಂದು ಬರೆದಿಟ್ಟಿತ್ತು, ಓದುವವರು ಇರಲಿಲ್ಲ.

ಭಾರತೀಯ ಗಂಡಸರಿಗೆ 90 ಸೆಂಟಿಮೀಟರು, ಹೆಂಗಸರಿಗೆ 80 ಸೆಂಟಿಮೀಟರು; ಸೊಂಟದ ಸುತ್ತಳತೆಯ ಗಡಿ ಇದು. ಅಂಗುಲದಲ್ಲಿ ಮೂವತ್ತೈದೂವರೆ ಮತ್ತು ಮೂವತ್ತೊಂದೂವರೆ. ಇದನ್ನೂ ನೆನಪಿಡಲಾರೆವೆಂಬವರಿಗೆ ಒಂದು ದಾರದ ಉಪಾಯವಿದೆ. ನಿಮ್ಮ ಎತ್ತರದಷ್ಟು ದಾರವನ್ನು ಕತ್ತರಿಸಿ, ಅದನ್ನು ಎರಡು ಮಡಿಕೆ ಮಾಡಿ ಹೊಟ್ಟೆಗೆ ಸುತ್ತಿರಿ. ತುದಿಗಳು ಕೂಡಿದರೆ ಒಳ್ಳೆಯದು. ಕೂಡದಿದ್ದರೆ ಸೊಂಟವು ಎತ್ತರದ ಅರ್ಧವನ್ನು ಮೀರಿದೆಯೆಂದು ತಿಳಿಯಬೇಕು. ಹೊಟ್ಟೆಯೊಳಗೆ ಯಕೃತ್ತು, ಕರುಳುಗಳ ಸುತ್ತ ಸೇರುವ ಕೊಬ್ಬೇ ಸಕ್ಕರೆ ರೋಗಕ್ಕೂ ಹೃದ್ರೋಗಕ್ಕೂ ಹೆಚ್ಚು ದಾರಿ ಮಾಡಿಕೊಡುವಂಥದು. 2025ರ ಜನೇವರಿಯಲ್ಲಿ ಜಗತ್ತಿನ ತಜ್ಞರ ಮಂಡಲಿಯೊಂದು ಬಿ. ಎಂ. ಐ. ಒಂದನ್ನೇ ನೆಚ್ಚಿ ಬೊಜ್ಜಿನ ನಿರ್ಣಯ ಮಾಡಲಾಗದು, ಸೊಂಟದ ಅಳತೆಯನ್ನಾದರೂ ಕೂಡಿಸಿ ನೋಡಬೇಕೆಂದು ಸಾರಿದೆ.

ಪ್ಯಾಂಟಿನ ನಂಬರೇ ಸೊಂಟದ ಅಳತೆಯೆಂದು ಮಾತ್ರ ತಿಳಿಯಬಾರದು. "ಮದುವೆಯಾದಾಗಲೂ ನಂದು ಮೂವತ್ನಾಲ್ಕು, ಈಗಲೂ ಮೂವತ್ನಾಲ್ಕು" ಎಂದು ಜಂಬಪಡುವ ಮಿತ್ರರು ನನಗೂ ಇದ್ದಾರೆ. ಹೊಟ್ಟೆ ಮುಂದಕ್ಕೆ ಬಂದಂತೆ ಪ್ಯಾಂಟು ಕೆಳಕ್ಕೆ ಇಳಿಯುತ್ತದೆ, ನಂಬರು ಹಾಗೆಯೇ ಇರುತ್ತದೆ. ಹೆಂಗಸರ ಲಂಗದ ಲಾಡಿಯಂತೂ ಯಾವ ಸಾಕ್ಷಿಯನ್ನೂ ಹೇಳದು. ಪಕ್ಕೆಲುಬಿನ ಕೆಳತುದಿ ಮತ್ತು ಟೊಂಕದ ಎಲುಬಿನ ಮೇಲ್ತುದಿ ಇವುಗಳ ನಡುವೆ, ಬರಿ ಮೈಮೇಲೆ, ಉಸಿರನ್ನು ಸಹಜವಾಗಿ ಬಿಟ್ಟ ಬಳಿಕ, ಟೇಪನ್ನು ಬಿಗಿಯದೆ ಅಳೆಯಬೇಕು. ತೂಕವನ್ನಾದರೆ ಒಂದೇ ತಕ್ಕಡಿಯ ಮೇಲೆ, ಮುಂಜಾನೆ, ಶೌಚವಾದ ಮೇಲೆ, ಏನೂ ತಿನ್ನುವ ಮೊದಲು ನೋಡಬೇಕು. ತಿಂಗಳಿಗೆರಡು ಸಲ ಸಾಕು. ದಿನಕ್ಕೆ ಮೂರು ಸಲ ತಕ್ಕಡಿ ಏರುವವರು ನೀರಿನ ಲೆಕ್ಕವನ್ನು ಬರೆಯುತ್ತಾರೆಯೇ ಹೊರತು ಕೊಬ್ಬಿನದಲ್ಲ. ಹಿಂದೆ ರೇಲ್ವೆ ಸ್ಟೇಶನ್ನುಗಳಲ್ಲಿ ಬಣ್ಣದ ದೀಪ ಮಿನುಗಿಸಿ, ನಾಣ್ಯ ನುಂಗಿ, ಒಂದು ಬದಿಗೆ ತೂಕ, ಇನ್ನೊಂದು ಬದಿಗೆ ಭವಿಷ್ಯ ಅಚ್ಚಾದ ಚೀಟಿಯನ್ನು ಕೊಡುತ್ತಿದ್ದ ಯಂತ್ರಗಳು ತಮಗೆ ನೆನಪಿರಬಹುದು. ನಾವು ಭವಿಷ್ಯವನ್ನು ಓದಿ ತೂಕವನ್ನು ಮರೆಯುತ್ತಿದ್ದೆವು. ತೂಕದಲ್ಲಿಯೇ ಸ್ವಲ್ಪ ಭವಿಷ್ಯವಿತ್ತು.

ನನ್ನಂಥ ಕುಳಿತು ದುಡಿಯುವವರ ವಿಷಯದಲ್ಲಿ ಲಂಡನ್ನಿನ ಬಸ್ಸುಗಳ ಕಥೆಯನ್ನು ಹೇಳದೆ ಇರಲಾರೆ. ಡಾ. ಜೆರ್ರಿ ಮಾರಿಸ್ ಎಂಬವರು 1953ರಲ್ಲಿ, ಎರಡು ಅಂತಸ್ತಿನ ಬಸ್ಸುಗಳಲ್ಲಿ ದಿನವಿಡೀ ಮೆಟ್ಟಿಲು ಹತ್ತಿ ಇಳಿಯುವ ಕಂಡಕ್ಟರರಿಗಿಂತ ಕೂತೇ ಇರುವ ಡ್ರೈವರರಿಗೆ ಹೃದ್ರೋಗ ಹೆಚ್ಚೆಂದು ತೋರಿಸಿದರು. 1956ರಲ್ಲಿ ಅವರು ಇನ್ನೊಂದು ದಫ್ತರನ್ನು ತೆರೆದರು. ಅದು ಸಮವಸ್ತ್ರ ಹೊಲಿಸಿಕೊಡುವ ಇಲಾಖೆಯ ಅಳತೆಗಳದು. ಡ್ರೈವರರ ಪ್ಯಾಂಟಿನ ಸೊಂಟವು ಕಂಡಕ್ಟರರದಕ್ಕಿಂತ ಅಗಲವಾಗಿತ್ತು! ನಮಗೆ ಎರಡಂತಸ್ತಿನ ಬಸ್ಸು ಬೇಡ. ಪರ್ವತಿಯ 103 ಮೆಟ್ಟಿಲುಗಳು ಪೇಶವೆಯರ ಕಾಲದಿಂದ ಹಾಗೆಯೇ ಬಿದ್ದಿವೆ.

ಊಟದ ಮಾತನ್ನು ಹೆಚ್ಚು ಬೆಳೆಸುವದಿಲ್ಲ. ದೀಪಾವಳಿಯ ಫರಾಳದ ಡಬ್ಬಿಗಳು ಖಾಲಿಯಾಗುವ ಮೊದಲೇ ಆ ಮಾತನ್ನಾಡುವದು ನಿರ್ದಯತೆ. ಒಂದು ಎಣ್ಣೆಯ ಲೆಕ್ಕ ಸಾಕು. ನಾಲ್ಕು ಮಂದಿಯ ಮನೆಗೆ ತಿಂಗಳಿಗೆ ಐದು ಲೀಟರಿನ ಡಬ್ಬಿಯೊಂದು ಮುಗಿದರೆ ತಲೆಗೆ ದಿನಕ್ಕೆ ಸುಮಾರು 42 ಮಿಲಿಲೀಟರು, ಎಂದರೆ 38 ಗ್ರಾಂ. ಕುಳಿತು ಕೆಲಸ ಮಾಡುವವರಿಗೆ ಬಲ್ಲವರು ಹೇಳುವದು 20ರಿಂದ 25 ಗ್ರಾಂ. ಎಣ್ಣೆಗಾಯಿಯನ್ನು ಬಿಡಿರೆಂದು ನಾನು ಹೇಳಲಾರೆ. ನನಗೇ ಅದು ಆಗದು. ಡಬ್ಬಿಯ ಮೇಲೆ ತೆರೆದ ತಾರೀಖು ಬರೆದಿಟ್ಟು ಅದನ್ನು ನಲವತ್ತೈದು ದಿನ ನಡೆಸಿ ನೋಡಿರೆಂದಷ್ಟೇ ಕೇಳುವೆ.

ಚೆನ್ನೈಯ ಡಾ. ರಾಮಚಂದ್ರನ್ ಮೊದಲಾದವರ ಒಂದು ಪ್ರಯೋಗವು 2006ರಲ್ಲಿ ಪ್ರಕಟವಾಯಿತು. ಸಕ್ಕರೆ ರೋಗದ ಹೊಸ್ತಿಲಲ್ಲಿದ್ದವರಿಗೆ ನಡಿಗೆ, ಊಟದ ಹಿಡಿತ ಇವನ್ನು ಕಲಿಸಿದಾಗ ರೋಗಕ್ಕೆ ಬೀಳುವವರ ಪ್ರಮಾಣ ನೂರಕ್ಕೆ 28ರಷ್ಟು ಕಡಿಮೆಯಾಯಿತು. ಅವರ ತೂಕ ಮಾತ್ರ ಹೇಳಿಕೊಳ್ಳುವಷ್ಟು ಇಳಿದಿರಲಿಲ್ಲ! ಆದ್ದರಿಂದ ಎರಡು ತಿಂಗಳು ಬೆಟ್ಟ ಹತ್ತಿಯೂ ಮುಳ್ಳು ಅಲ್ಲಿಯೇ ನಿಂತಿದೆಯೆಂದು ಬಿಟ್ಟುಬಿಡುವವರು ಅವಸರ ಮಾಡಬಾರದು. ಈಚೆಗೆ ವಾರಕ್ಕೊಂದು ಚುಚ್ಚುಮದ್ದಿನಿಂದ ತೂಕ ಇಳಿಸುವ ಔಷಧಗಳೂ ನಮ್ಮ ದೇಶಕ್ಕೆ ಬಂದಿವೆ. ಅದು ವೈದ್ಯರ ಕೋಣೆಯಲ್ಲಿ ನಿರ್ಣಯವಾಗತಕ್ಕ ಮಾತು, ಗೆಳೆಯರ ಕಟ್ಟೆಯ ಮೇಲಲ್ಲ.

ಇದುವರೆಗೆ ಹೆಚ್ಚಿನ ತೂಕದ ಮಾತೇ ಆಯಿತು. 2019-21ರ ರಾಷ್ಟ್ರೀಯ ಕುಟುಂಬ ಸಮೀಕ್ಷೆಯಲ್ಲಿ ನಮ್ಮ ದೇಶದ ಹೆಂಗಸರಲ್ಲಿ ನೂರಕ್ಕೆ 24 ಮಂದಿ 25ರ ಅಂಕವನ್ನು ಮುಟ್ಟಿದ್ದರು ಅಥವಾ ದಾಟಿದ್ದರು. ನೂರಕ್ಕೆ ಸುಮಾರು 19 ಮಂದಿ 18.5ಕ್ಕೂ ಕೆಳಗಿದ್ದರು. ಒಂದೇ ವಾಡೆಯಲ್ಲಿ, ಒಮ್ಮೊಮ್ಮೆ ಒಂದೇ ಮನೆಯಲ್ಲಿ, ಇಬ್ಬರೂ ಇರುತ್ತಾರೆ. ಎಲ್ಲರಿಗೂ ಬಡಿಸಿ, ತಳದಲ್ಲಿ ಉಳಿದದ್ದನ್ನು ನಿಂತುಕೊಂಡೇ ಉಂಡು ಮುಗಿಸುವ ವೈನಿಯವರನ್ನು ತಕ್ಕಡಿಯ ಮೇಲೆ ನಿಲ್ಲಿಸಿ ನೋಡುವ ರೂಢಿ ನಮ್ಮಲ್ಲಿ ಇನ್ನೂ ಬಂದಿಲ್ಲ. ಹದಿನೇಳರ ಹುಡುಗಿ ಕನ್ನಡಿಗೆ ಹೆದರಿ ಮುಂಜಾನೆಯ ತಿಂಡಿಯನ್ನು ಬಿಟ್ಟರೆ ‘ನಾಜೂಕಾಗಿದ್ದಾಳೆ’ ಎಂದು ಹೊಗಳುತ್ತೇವೆ. ಮುಂದೆ ಅವಳೂ ತಾಯಿಯಾಗತಕ್ಕವಳು, ಆ ಆರು ಹಳ್ಳಿಗಳ ಲೆಕ್ಕ ಅವಳಿಗೂ ಸಲ್ಲುವದು. ಊರಿಗೆ ಹೋದಾಗ ನಮ್ಮ ಅವ್ವಂದಿರು "ಎಷ್ಟ ಸೊರಗೀಯೋ ಯಪ್ಪಾ" ಎನ್ನುತ್ತಾರೆ. ಅದು ಪ್ರೀತಿಯ ಮಾತು, ಅದನ್ನು ಅಳತೆಯೆಂದು ತಿಳಿದು ಮೂರು ಹೋಳಿಗೆ ಹೆಚ್ಚಿಗೆ ಉಣ್ಣಬೇಕಾಗಿಲ್ಲ. ಆದರೆ ಪ್ರಯತ್ನವಿಲ್ಲದೆ ಆರು ತಿಂಗಳು-ವರುಷದೊಳಗೆ ತೂಕವು ನೂರಕ್ಕೆ ಐದರಷ್ಟು ಇಳಿದರೆ, 60 ಕಿಲೋದವರು 57ಕ್ಕೆ ಬಂದರೆ, ಅಭಿನಂದಿಸುವ ಬದಲು ವೈದ್ಯರ ಬಳಿಗೆ ಕರೆದೊಯ್ಯಬೇಕು. ಸಕ್ಕರೆ ರೋಗವಿರಬಹುದು, ಕ್ಷಯವಿರಬಹುದು, ಇನ್ನೇನಾದರೂ ಇರಬಹುದು. ಮುಪ್ಪಿನವರಲ್ಲಂತೂ ಇದನ್ನು ತಡಮಾಡದೆ ನೋಡಬೇಕು.

ನಾನು ಹೇಳಿದ ಅಂಕಗಳು ಬೆಳೆದವರಿಗೆ ಮಾತ್ರ. ಬೆಳೆಯುವ ಮಕ್ಕಳಿಗೆ ಅವರವರ ವಯಸ್ಸಿನ ಬೆಳವಣಿಗೆಯ ನಕ್ಷೆಯೇ ಬೇರೆ, ಬಸುರಿಯರಿಗೆ ಲೆಕ್ಕವೇ ಬೇರೆ. ಅವರಿಗೆ ಈ ಸೂತ್ರವನ್ನು ಹಚ್ಚಬೇಡಿರಿ.

ಹಿಂದಿನ ಕೋಣೆಯಲ್ಲಿ ಒಂದು ತಕ್ಕಡಿಯನ್ನೂ ಎರಡು ಟೇಪುಗಳನ್ನೂ ಇರಿಸಿದ್ದೇವೆ. ತಾಯಂದಿರಿಗಾಗಿ ಮಹಿಳಾ ವಿಭಾಗದವರು ಪರದೆ ಕಟ್ಟಿ ಬೇರೆ ವ್ಯವಸ್ಥೆ ಮಾಡಿದ್ದಾರೆ. ಹೆಸರು ಬರೆಯುವದಿಲ್ಲ, ಎತ್ತರ, ತೂಕ, ಸೊಂಟ ಮೂರನ್ನೂ ಒಂದು ಚೀಟಿಯ ಮೇಲೆ ಬರೆದು ತಮ್ಮ ಕೈಗೇ ಕೊಡಲಾಗುವದು. ಉಪಾಹಾರವು ಅಳತೆಯಾದ ನಂತರ.